ಇನ್‌ರೀಚ್ ತರಿಸಿಕೊಳ್ಳಲಾ ಸಾರ್?

"ಅಮೆರಿಕದಿಂದ ಭಾವ ಬರ್ತಿದ್ದಾರೆ ಸಾರ್, ಗಾರ್ಮಿನ್ ಇನ್‌ರೀಚ್ ತರಿಸಿಕೊಳ್ಳಲಾ?" ನನ್ನ ಜೊತೆ ಟ್ರೆಕ್‌ಗೆ ಬರುವವರು ಆಗಾಗ ಕೇಳುತ್ತಾರೆ. ಫೋನ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಚಿಕ್ಕ ಸಾಧನ ಅದು. ಬೇಡ ಅನ್ನುತ್ತೇನೆ. ಸಾಧನ ಕೆಟ್ಟದ್ದು ಅಂತಲ್ಲ. ಭಾವ ಅಲ್ಲಿನ ಕಾಡು ಸುತ್ತುವವರಾದರೆ ಅವರಿಗೆ ಇನ್‌ರೀಚೇ ಇಟ್ಟುಕೊಳ್ಳಿ ಅನ್ನುತ್ತೇನೆ. ಕಾಲು ಮುರಿದಿದೆಯೋ, ದಾರಿ ತಪ್ಪಿದೆಯೋ ಅಂತ ಮೆಸೇಜ್ ಮಾಡಬಹುದು, ಆ ಕಡೆಯಿಂದ ಉತ್ತರವೂ ಬರುತ್ತದೆ. ಆದರೆ ನಮ್ಮಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕೇಸು. ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿಬಿದ್ದು ಪೊಲೀಸ್ ಠಾಣೆ ಕಂಡ ವಿದೇಶಿಯರಿದ್ದಾರೆ.

ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅಂತ ಇನ್ನೊಂದಿದೆ, ಬರೀ ಒಂದು ಗುಂಡಿ. ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಹೋಗುತ್ತದೆ. ಭಾರತದಲ್ಲಿ ಆ ಕೂಗು ಬಂದು ಮುಟ್ಟುವುದು ನಮ್ಮ ಬೆಂಗಳೂರಿಗೇ, ಇಸ್ರೋದ ಇಸ್ಟ್ರಾಕ್ ಕೇಂದ್ರಕ್ಕೆ. ಆದರೆ ಮೆಸೇಜ್ ಮಾಡುವ ಹಾಗಿಲ್ಲ, ಏನಾಗಿದೆ ಅಂತ ಹೇಳೋಕಾಗಲ್ಲ. ಇದಕ್ಕೂ ಅನುಮತಿ, ನೋಂದಣಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ಹಾಗಾದರೆ ಘಟ್ಟಕ್ಕೆ ಏನು ಒಯ್ಯಬೇಕು? ಕುಮಾರಪರ್ವತದಲ್ಲಿ ಒಮ್ಮೆ, ಶೇಷಪರ್ವತದಿಂದ ಸ್ವಲ್ಪ ಕೆಳಗೆ, ಒಬ್ಬ ಹುಡುಗನ ಪಾದ ಹೊರಳಿ ಬದನೆಕಾಯಿಯಂತೆ ಊದಿಕೊಂಡಿತು. ಐದು ಫೋನುಗಳಲ್ಲಿ ನಾಲ್ಕು ಸತ್ತಿದ್ದವು. ವಿಡಿಯೊ ಒಂದು ಕಾರಣ, ಜೊತೆಗೆ ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಚಾರ್ಜ್ ತಿಂದು ಹಾಕುತ್ತದೆ. ಐದನೆಯದು ಒಬ್ಬ ಹುಡುಗಿಯದು, ಬೆಳಗ್ಗೆಯಿಂದ ಫ್ಲೈಟ್ ಮೋಡ್‌ನಲ್ಲಿತ್ತು. ಆನ್ ಮಾಡಿದರೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ'. "ನೆಟ್‌ವರ್ಕ್ ಇಲ್ಲ" ಅಂತ ಆ ಹುಡುಗಿ ವಾಪಸ್ ಜೇಬಿಗಿಟ್ಟಳು. ಇದೇ ನೋಡಿ ತಪ್ಪು. ನಿಮ್ಮ ಕಂಪನಿಯ ಟವರ್ ಇಲ್ಲ, ಬೇರೆ ಕಂಪನಿಯದು ಇದೆ ಅಂತ ಅದರ ಅರ್ಥ, 112ಕ್ಕೆ ಮಾಡಿದರೆ ಆ ಟವರ್ ಮೂಲಕವೇ ಕರೆ ಹೋಗುತ್ತದೆ. ಅವತ್ತು ಹೋಯಿತು ಕೂಡ.

ಕಣಿವೆಯಲ್ಲಿ ಏನೂ ಸಿಗದಿದ್ದರೆ ಗಾಯವಾದವನ ಹತ್ತಿರ ಒಬ್ಬರು ಕೂತು, ಇಬ್ಬರು ಬೆಟ್ಟದ ನೆತ್ತಿಗೆ ಹತ್ತಿ ಸಿಗ್ನಲ್ ನೋಡಬೇಕು. ಕೂತವರ ಕೈಯಲ್ಲಿ ಪೀಪಿ ಇರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ನಿದ್ದು, ಮತ್ತೆ ಆರು. ಅತ್ತ ಕಡೆಯಿಂದ ಮೂರು ಕೇಳಿದರೆ ಯಾರೋ ಇದ್ದಾರೆ ಅಂತ. 446 ಮೆಗಾಹರ್ಟ್ಸ್‌ನ ಚಿಕ್ಕ ವಾಕಿಟಾಕಿಗೆ ಪರವಾನಗಿ ಬೇಡ, ನಿಜ, ಆದರೆ ಅದು ತಂಡದೊಳಗಿನ ಮಾತಿಗಷ್ಟೇ. ದಟ್ಟ ಕಾಡಿನಲ್ಲಿ ಡಬ್ಬಿ ಮೇಲೆ ಬರೆದಷ್ಟು ದೂರ ಯಾವತ್ತೂ ಹೋಗಲ್ಲ.

ನನ್ನ ಮನೆಯ ಫ್ರಿಜ್ ಮೇಲೆ ಒಂದು ಚೀಟಿ ಅಂಟಿರುತ್ತದೆ: ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾವ ಚೆಕ್‌ಪೋಸ್ಟ್‌ಗೆ ಕರೆ ಮಾಡಬೇಕು. ಒಮ್ಮೆ ನಾನು ಎರಡು ಗಂಟೆ ತಡವಾಗಿ ಇಳಿದಾಗ ಗೇಟಿನ ಹತ್ತಿರ ಗಾರ್ಡ್ ಟಾರ್ಚ್ ಹಿಡಿದು ಹೊರಟೇಬಿಟ್ಟಿದ್ದರು, ಮನೆಯಿಂದ ಮೂರು ಸಲ ಫೋನ್ ಬಂದಿತ್ತಂತೆ.