ನಲ್ಲಿಯ ಮೂತಿಯಲ್ಲಿ ಉಳಿಯುವುದೆಷ್ಟು? ಏರಿಯೇಟರ್ ಆದೇಶದ ಹಿಂದಿನ ಲೆಕ್ಕ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಅಪಾರ್ಟ್‌ಮೆಂಟ್, ಹೋಟೆಲ್, ಕೈಗಾರಿಕೆ ಹಾಗೂ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಅಳವಡಿಸುವುದನ್ನು ಕಡ್ಡಾಯ ಮಾಡಿತು. ಮೊದಲು ಮಾರ್ಚ್ 31ರ ಗಡುವಿತ್ತು, ಆಮೇಲೆ ಅದನ್ನು ವಿಸ್ತರಿಸಲಾಯಿತು. ನಲ್ಲಿಯ ಮೂತಿಗೆ ತಿರುಗಿಸಿ ಕೂರಿಸುವ ಈ ಪುಟ್ಟ ಜರಡಿಯು ನೀರಿನ ಧಾರೆಗೆ ಗಾಳಿ ಬೆರೆಸಿ, ಕಡಿಮೆ ನೀರನ್ನೇ ತುಂಬಿದ ಧಾರೆಯಂತೆ ಕಾಣಿಸುತ್ತದೆ. ಇದರಿಂದ ಶೇ 60ರಿಂದ 85ರಷ್ಟು ನೀರು ಉಳಿಯುತ್ತದೆ ಎಂದು ಮಂಡಳಿ ಹೇಳಿತ್ತು. ಅಷ್ಟು ಅಗ್ಗದ ವಸ್ತುವಿನಿಂದ ಅಷ್ಟು ನೀರು ಉಳಿಯುವುದಾದರೆ ಬೇಡವೆನ್ನುವವರು ಯಾರು? ಆದರೆ ಆ ಶೇಕಡಾವಾರು ಯಾವುದರ ಶೇಕಡಾವಾರು ಎಂಬ ಪ್ರಶ್ನೆಯನ್ನು ಆಗಿನ ಅವಸರದಲ್ಲಿ ಯಾರೂ ಹೆಚ್ಚಾಗಿ ಎತ್ತಲಿಲ್ಲ.

ಅವಸರಕ್ಕೆ ಕಾರಣವಿತ್ತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಗರಕ್ಕೆ ದಿನಕ್ಕೆ 260 ಕೋಟಿ ಲೀಟರ್ ನೀರು ಬೇಕು, 50 ಕೋಟಿ ಲೀಟರ್ ಕೊರತೆಯಿದೆ, ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದ್ದರು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪ್ರದೇಶದಲ್ಲಿ ಎದ್ದುನಿಂತ ಅಪಾರ್ಟ್‌ಮೆಂಟ್‌ಗಳು ಬಹುಮಟ್ಟಿಗೆ ಕೊಳವೆಬಾವಿ ಮತ್ತು ಟ್ಯಾಂಕರನ್ನೇ ನಂಬಿದ್ದವು. ಟ್ಯಾಂಕರ್ ದರ ಎಷ್ಟು ಏರಿತ್ತೆಂದರೆ, 5 ಕಿಲೋಮೀಟರ್ ಒಳಗಿನ ಸಾಗಣೆಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ಮಿತಿ ಗೊತ್ತುಪಡಿಸಬೇಕಾಯಿತು.

ನಲ್ಲಿಯ ಹರಿವಿಗೆ ಕಡಿವಾಣ ಹಾಕುವ ಆಲೋಚನೆ ಬೆಂಗಳೂರಿನದಲ್ಲ. ಅಮೆರಿಕದಲ್ಲಿ 1992ರ ಕಾಯ್ದೆಯೊಂದು ನಲ್ಲಿಯ ಹರಿವಿಗೆ ಮಿತಿ ವಿಧಿಸಿತು; ಅದರಡಿ 1998ರಲ್ಲಿ ಬಂದ ನಿಯಮದಂತೆ ನಿಮಿಷಕ್ಕೆ 2.2 ಗ್ಯಾಲನ್, ಅಂದರೆ ಸುಮಾರು 8.3 ಲೀಟರಿಗಿಂತ ಹೆಚ್ಚು ನೀರು ಬರಬಾರದು. ಗಮನಿಸಬೇಕಾದದ್ದು, ಅದು ಇಂಧನ ನೀತಿಯ ಕಾಯ್ದೆ. ಅಲ್ಲಿನ ಸಿಂಕಿನಲ್ಲೂ ಷವರಿನಲ್ಲೂ ಹರಿಯುವ ನೀರಿನಲ್ಲಿ ಬಹುಪಾಲು ಅನಿಲದಿಂದಲೋ ವಿದ್ಯುತ್ತಿನಿಂದಲೋ ಕಾಯಿಸಿದ್ದು. ಹರಿವು ತಗ್ಗಿದರೆ ಇಂಧನದ ಖರ್ಚೂ ತಗ್ಗುತ್ತದೆ. ಎರಡನೆಯದಾಗಿ, ಆ ಮಿತಿಯನ್ನು ಅಳೆಯುವುದು 60 ಪಿಎಸ್‌ಐ ಒತ್ತಡದಲ್ಲಿ, ಎಂದರೆ ಸುಮಾರು 42 ಮೀಟರ್ ಎತ್ತರದಿಂದ ಇಳಿದ ನೀರಿಗೆ ಇರುವಷ್ಟು ಒತ್ತಡದಲ್ಲಿ.

ನಮ್ಮ ಸಾಮಾನ್ಯ ಅಪಾರ್ಟ್‌ಮೆಂಟಿನ ನೀರು ತಾರಸಿಯ ತೊಟ್ಟಿಯಿಂದ ತನ್ನ ಭಾರದಿಂದಲೇ ಇಳಿಯುತ್ತದೆ. ಕೊನೆಯ ಮಹಡಿಯ ನಲ್ಲಿಗೂ ತೊಟ್ಟಿಗೂ ನಾಲ್ಕು ಮೀಟರ್ ಅಂತರವಿದ್ದರೆ, ಒತ್ತಡ ಆ ಮಾನದಂಡದ ಹತ್ತನೇ ಒಂದು ಭಾಗವೂ ಆಗದು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಇಳಿಯುವುದರಿಂದ, ನಿಮಿಷಕ್ಕೆ 8.3 ಲೀಟರ್ ಕೊಡಬೇಕಾದ ಅದೇ ನಲ್ಲಿ ಅಲ್ಲಿ ಎರಡೂವರೆ ಲೀಟರ್ ಕೊಟ್ಟರೆ ಹೆಚ್ಚು. ಆ ಮನೆಗೆ ಏರಿಯೇಟರ್ ಹಾಕಿ ಉಳಿಸುವುದು ಏನನ್ನು? ಉಳಿತಾಯವೇನಾದರೂ ಇದ್ದರೆ ಅದು ಕೆಳಗಿನ ಮಹಡಿಗಳಲ್ಲಿ. ಆದೇಶ ಮಾತ್ರ ಎಲ್ಲ ಮಹಡಿಗೂ ಒಂದೇ.

ಇದಕ್ಕಿಂತ ದೊಡ್ಡ ಸಂಗತಿ ಬಕೆಟ್. ಏರಿಯೇಟರ್ ನಿಯಂತ್ರಿಸುವುದು ಹರಿವಿನ ವೇಗವನ್ನು, ಬಳಕೆಯ ಪ್ರಮಾಣವನ್ನಲ್ಲ. ನಲ್ಲಿಯ ಕೆಳಗೆ ಕೈಯೊಡ್ಡಿದಾಗ ಈ ಎರಡೂ ಒಂದೇ, ಆದರೆ ಬಕೆಟ್ಟಿನ ವಿಷಯದಲ್ಲಿ ಹಾಗಲ್ಲ. ಇಪ್ಪತ್ತು ಲೀಟರಿನ ಬಕೆಟ್ ನಿಧಾನವಾಗಿ ತುಂಬಿದರೂ ಇಪ್ಪತ್ತು ಲೀಟರೇ. ಬಟ್ಟೆ ಒಗೆಯುವ ಯಂತ್ರ, ಶೌಚಾಲಯದ ಫ್ಲಶ್ ತೊಟ್ಟಿ, ಅಡುಗೆಯ ಪಾತ್ರೆ, ನೆಲ ಒರೆಸುವ ನೀರು ಎಲ್ಲಕ್ಕೂ ಇದೇ ಮಾತು. ಸೋಲಾರ್ ಬಿಸಿನೀರು ತಾರಸಿಯಿಂದ ಕೆಳಗಿಳಿಯುವ ಮೊದಲು ಪೈಪಿನಲ್ಲಿ ನಿಂತ ತಣ್ಣೀರನ್ನು ಬಿಡಲೇಬೇಕಷ್ಟೆ. ಹರಿವು ತಗ್ಗಿದರೆ ಕಾಯುವ ಹೊತ್ತು ಹೆಚ್ಚಾಗುತ್ತದೆಯೇ ಹೊರತು ಬಿಡುವ ನೀರು ಕಡಿಮೆಯಾಗುವುದಿಲ್ಲ. (ಆ ತಣ್ಣೀರನ್ನು ಇನ್ನೊಂದು ಬಕೆಟ್ಟಿಗೆ ಹಿಡಿದಿಡುವ ಮನೆಗಳು ಯಾವ ಆದೇಶಕ್ಕೂ ಕಾದವಲ್ಲ.)

ಭಾರತೀಯ ಮಾನಕವು ತಲೆಗೆ ದಿನಕ್ಕೆ 135 ಲೀಟರನ್ನು ಹಂಚುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಸ್ನಾನಕ್ಕೆ 55, ಫ್ಲಶ್‌ಗೆ 30, ಬಟ್ಟೆಗೆ 20, ಪಾತ್ರೆ ತೊಳೆಯಲು 10, ಮನೆ ತೊಳೆಯಲು 10, ಅಡುಗೆಗೆ 5, ಕುಡಿಯಲು 5. ಇವುಗಳಲ್ಲಿ ಏರಿಯೇಟರಿಗೆ ನೇರವಾಗಿ ಸಿಕ್ಕುವುದು ಪಾತ್ರೆಯ 10 ಲೀಟರ್. ಕೈಮುಖ ತೊಳೆಯುವುದಕ್ಕೆಂದು ಸ್ನಾನದ ಪಾಲಿನಿಂದ ಉದಾರವಾಗಿ ಇನ್ನೂ 10 ಲೀಟರ್ ಸೇರಿಸಿ, ಮಂಡಳಿಯ ಗರಿಷ್ಠ ಅಂಕಿಯನ್ನೇ ಒಪ್ಪಿಕೊಂಡರೂ ಉಳಿಯುವುದು 17 ಲೀಟರ್; ಒಟ್ಟು ಬಳಕೆಯಲ್ಲಿ ಶೇ 13ರ ಒಳಗೆ.

ಇದು ಸೊನ್ನೆಯಲ್ಲ ಎಂಬುದನ್ನೂ ಹೇಳಬೇಕು. ನಾಲ್ಕು ಮಂದಿಯ ನೂರು ಮನೆಗಳಿರುವ ಕಟ್ಟಡದಲ್ಲಿ ಅದು ದಿನಕ್ಕೆ 6,800 ಲೀಟರ್, ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರ್. ಆದರೆ ಅದರ ಬೆಲೆ ನೀರು ಎಲ್ಲಿಂದ ಬರುತ್ತದೆ ಎಂಬುದರ ಮೇಲಿದೆ. 2024ರ ಆ ಮಿತಿ ದರದಲ್ಲಿ ಟ್ಯಾಂಕರ್ ಕೊಳ್ಳುತ್ತಿದ್ದವರಿಗೆ ಅದು ದಿನಕ್ಕೆ 600 ರೂಪಾಯಿಗೂ ಹೆಚ್ಚಿನ ಉಳಿತಾಯ. ಸಾವಿರ ಲೀಟರಿಗೆ 22 ರೂಪಾಯಿಯಂತೆ ಸಗಟು ಕಾವೇರಿ ನೀರು ಪಡೆಯುತ್ತಿದ್ದ ಕಟ್ಟಡಕ್ಕೆ ಸುಮಾರು 150 ರೂಪಾಯಿ; ಮನೆಯೊಂದಕ್ಕೆ ಹಂಚಿದರೆ ಒಂದೂವರೆ ರೂಪಾಯಿ. 2014ರ ಆ ದರ ಪರಿಷ್ಕರಣೆಯಾದದ್ದು 2025ರ ಏಪ್ರಿಲ್‌ನಲ್ಲಿ.

ಬಳಕೆಯ ಪ್ರಮಾಣವನ್ನೇ ಹಿಡಿದ ಕ್ರಮಗಳ ಚರಿತ್ರೆ ಬೇರೆ. ನ್ಯೂಯಾರ್ಕ್ ನಗರವು 1994ರಿಂದ 1997ರ ನಡುವೆ ಹಣ ಮರಳಿಸುವ ಯೋಜನೆಯಡಿ 13 ಲಕ್ಷಕ್ಕೂ ಹೆಚ್ಚು ಹಳೆಯ ಶೌಚ ಕಮೋಡ್‌ಗಳನ್ನು ಬದಲಿಸಿತು. ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ನೀರಿನ ಬಳಕೆ ಸರಾಸರಿ ಶೇ 29ರಷ್ಟು ಇಳಿಯಿತು. ಪ್ರತಿ ಫ್ಲಶ್ಶಿಗೆ ಸುರಿಯುವ ನೀರೇ ಕಡಿಮೆಯಾದ್ದರಿಂದ ಮಹಡಿ, ಒತ್ತಡ, ಅಭ್ಯಾಸ ಯಾವುದೂ ಅಡ್ಡಬರಲಿಲ್ಲ. 2004ರಲ್ಲಿ ಅಮೆರಿಕದ ಬಹುಮನೆ ಕಟ್ಟಡಗಳ ಬಗ್ಗೆ ನಡೆದ ರಾಷ್ಟ್ರೀಯ ಅಧ್ಯಯನವು ಇನ್ನೊಂದು ತಿಳಿವಳಿಕೆ ಕೊಟ್ಟಿತು: ಮನೆಮನೆಗೆ ಮೀಟರ್ ಹಾಕಿ ಬಿಲ್ ಮಾಡಿದಲ್ಲಿ ಬಳಕೆ ಶೇ 15ರಷ್ಟು ಇಳಿದಿತ್ತು, ಮನೆಯ ವಿಸ್ತೀರ್ಣ, ಜನಸಂಖ್ಯೆಯಂಥ ಸೂತ್ರದ ಮೇಲೆ ಬಿಲ್ ಹಂಚಿದಲ್ಲಿ ಗಣನೀಯ ಇಳಿಕೆಯೇ ಕಾಣಲಿಲ್ಲ. ಚದರ ಅಡಿ ಲೆಕ್ಕದ ನಿರ್ವಹಣಾ ಶುಲ್ಕದಲ್ಲಿ ನೀರಿನ ಖರ್ಚನ್ನೂ ಕಲಸಿಬಿಡುವ ನಮ್ಮ ನಿವಾಸಿಗಳ ಸಂಘಗಳ ಪದ್ಧತಿ ಈ ಎರಡನೆಯ ಬಗೆಯದು.

ಹಾಗೆಂದು ಮೀಟರ್ ಕೂಡ ನಮ್ಮಲ್ಲಿ ಸುಲಭದ ದಾರಿಯಲ್ಲ. ಅಡುಗೆಮನೆಗೊಂದು, ಒಂದೊಂದು ಬಚ್ಚಲಿಗೆ ಒಂದೊಂದು, ಬಟ್ಟೆ ಒಗೆಯುವ ಜಾಗಕ್ಕೆ ಇನ್ನೊಂದು ಎಂದು ಬೇರೆಬೇರೆ ಪೈಪುಗಳು ತಾರಸಿಯಿಂದ ಇಳಿಯುವ ಹಳೆಯ ಕಟ್ಟಡಗಳಲ್ಲಿ ಒಂದೇ ಮನೆಗೆ ನಾಲ್ಕೈದು ಮೀಟರ್ ಬೇಕಾಗುತ್ತದೆ. ಅದರೆದುರು ಏರಿಯೇಟರ್ ಅಗ್ಗ, ಒಂದೇ ದಿನದಲ್ಲಿ ಹಾಕಿ ಮುಗಿಸಿದೆವೆಂದು ವರದಿ ಕೊಡಬಹುದು. ಆಮೇಲೆ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಅದರ ಜರಡಿಯಲ್ಲಿ ಕಟ್ಟಿಕೊಳ್ಳುತ್ತದೆ, ಧಾರೆ ಸೀಳಿ ಅಡ್ಡಾದಿಡ್ಡಿ ಚಿಮ್ಮತೊಡಗುತ್ತದೆ, ಪಾತ್ರೆ ತೊಳೆಯುವಾಕೆ ಅದನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುತ್ತಾಳೆ.