ಡರ್ಬಿ: ಫುಟ್‌ಬಾಲ್‌ನ ದಾಯಾದಿ ಕಾದಾಟ

ಫುಟ್‌ಬಾಲ್ ಸುದ್ದಿ ಓದುವವರಿಗೆ ಈ ಪದ ಹೊಸದಲ್ಲ. ಮ್ಯಾಂಚೆಸ್ಟರ್ ಡರ್ಬಿ, ಮಿಲಾನ್ ಡರ್ಬಿ, ಕೋಲ್ಕತ್ತ ಡರ್ಬಿ. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಎರಡು ತಂಡಗಳು ಆಡುವ ಪಂದ್ಯ ಅಂತ ಅರ್ಥ. ನಿಘಂಟಿಗೆ ಇಷ್ಟು ಸಾಕು. ಆದರೆ ಡರ್ಬಿಯ ಮರುದಿನ ಜನ ಏನು ಮಾತಾಡುತ್ತಾರೆ ಕೇಳಿ ನೋಡಿ. ಯಾರು ಗೆದ್ದರು ಅನ್ನುವುದು ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆಮೇಲೆ ಶುರುವಾಗುವುದು ಆಟಗಾರರ ನಡತೆಯ ಪಂಚಾಯಿತಿ. ಅವನು ಆ ಕಡೆ ಯಾಕೆ ಓಡಿಹೋದ? ಇವನು ಯಾಕೆ ತಳ್ಳಿದ? ಅಷ್ಟಕ್ಕೆಲ್ಲ ಕೆಂಪು ಕಾರ್ಡ್ ಬೇಕಿತ್ತಾ? ಈ ಪಂಚಾಯಿತಿಯನ್ನು ಬಿಟ್ಟು ಡರ್ಬಿಯ ಅರ್ಥ ಹೇಳಿದರೆ ಅದು ಅರ್ಧ ಅರ್ಥವೇ.

ಮೊದಲು ಪದದ ಹುಟ್ಟು ನೋಡೋಣ. ಡರ್ಬಿ ಇಂಗ್ಲೆಂಡಿನ ಒಂದು ಊರು. ಆ ಊರಿನ ಹೆಸರಿನಲ್ಲೇ ಒಂದು ಜಹಗೀರಿ, ಅದರ ಒಡೆಯ ಡರ್ಬಿಯ ಅರ್ಲ್. 12ನೇ ಅರ್ಲ್ ಕಾಲದಲ್ಲಿ, 1780ರಲ್ಲಿ, ಎಪ್ಸಮ್ ಎಂಬಲ್ಲಿ ಶುರುವಾದ ಕುದುರೆ ರೇಸಿಗೆ ಅವನ ಹೆಸರೇ ಬಿತ್ತು. ಯಾರ ಹೆಸರಿಡಬೇಕು ಅಂತ ಅವನೂ ಗೆಳೆಯ ಸರ್ ಚಾರ್ಲ್ಸ್ ಬನ್‌ಬರಿಯೂ ನಾಣ್ಯ ಚಿಮ್ಮಿಸಿದರು ಅನ್ನುವ ಕಥೆ ಇದೆ. ಹೆಸರು ಅರ್ಲ್‌ಗೆ ಹೋಯಿತು, ಮೊದಲ ರೇಸು ಗೆದ್ದದ್ದು ಮಾತ್ರ ಬನ್‌ಬರಿಯ ಕುದುರೆ. ನಾಣ್ಯ ತಿರುಗಿ ಬಿದ್ದಿದ್ದರೆ ನಾವಿವತ್ತು ‘ಕೋಲ್ಕತ್ತ ಬನ್‌ಬರಿ’ ನೋಡುತ್ತಿದ್ದೆವೋ ಏನೋ. ಜನ ಕಿಕ್ಕಿರಿದು ಸೇರುವ ದೊಡ್ಡ ರೇಸು ಅನ್ನುವುದರಿಂದ ದೊಡ್ಡ ಪೈಪೋಟಿ ಅನ್ನುವುದಕ್ಕೆ, ಅಲ್ಲಿಂದ ‘ಲೋಕಲ್ ಡರ್ಬಿ’ಗೆ ಪದ ಜಾರಿತು ಅನ್ನುವುದು ಒಂದು ವಾದ. ಡರ್ಬಿಶೈರ್ ಕಡೆ ಊರಿಗೆ ಊರೇ ಎರಡು ಪಾಳೆಯವಾಗಿ ಚೆಂಡಿಗೆ ಕಿತ್ತಾಡುವ ಹಳೇ ಆಟವೊಂದಿದೆ, ಪದ ಬಂದದ್ದು ಅದರಿಂದ ಅನ್ನುವುದು ಇನ್ನೊಂದು ವಾದ. ನನಗೆ ಎರಡನೆಯದು ಇಷ್ಟ, ಆದರೆ ಇಷ್ಟವೇ ಸಾಕ್ಷಿಯಲ್ಲ.

ಕನ್ನಡದ ಕ್ರೀಡಾ ಪುಟಗಳು ಇಂಥ ಪಂದ್ಯಕ್ಕೆ ‘ಸಾಂಪ್ರದಾಯಿಕ ಎದುರಾಳಿಗಳ ಸೆಣಸಾಟ’ ಅಂತಲೋ ‘ಬದ್ಧ ವೈರಿಗಳ ಕಾದಾಟ’ ಅಂತಲೋ ಬರೆಯುತ್ತವೆ. ಎರಡೂ ಸ್ವಲ್ಪ ಗುರಿ ತಪ್ಪುತ್ತವೆ. ವೈರಿ ಹೊರಗಿನವನೂ ಆಗಿರಬಹುದು. ಡರ್ಬಿಯ ಎದುರಾಳಿ ಹಾಗಲ್ಲ, ಒಂದೇ ಮನೆಯ ಅಂಗಳದಲ್ಲಿ ಬೆಳೆದವನು. ನಮ್ಮಲ್ಲಿ ಇದಕ್ಕೆ ಸರಿಯಾದ ಪದ ಮೊದಲಿಂದಲೂ ಇದೆ: ದಾಯಾದಿ. ಪಾಲು ಕೇಳುವ ಹಕ್ಕಿರುವ ಹತ್ತಿರದವನು. ಅವನ ಮೇಲಿನ ಸಿಟ್ಟಿಗೂ ಊರಾಚೆಯವನ ಮೇಲಿನ ಸಿಟ್ಟಿಗೂ ವ್ಯತ್ಯಾಸ ಇದೆ ಅಲ್ವಾ?

ಎಷ್ಟೋ ಡರ್ಬಿಗಳ ಹುಟ್ಟಿನಲ್ಲೇ ಪಾಲಿನ ಜಗಳವಿದೆ. ಲಿವರ್‌ಪೂಲ್ ನಗರದಲ್ಲಿ ಮೊದಲು ಆನ್‌ಫೀಲ್ಡ್ ಮೈದಾನದಲ್ಲಿ ಆಡುತ್ತಿದ್ದದ್ದು ಎವರ್ಟನ್. ಬಾಡಿಗೆ ವಿಷಯಕ್ಕೆ ಮೈದಾನದ ಒಡೆಯ ಜಾನ್ ಹೋಲ್ಡಿಂಗ್ ಜೊತೆ ಜಗಳವಾಯಿತು. 1892ರಲ್ಲಿ ಎವರ್ಟನ್ ಗಂಟುಮೂಟೆ ಕಟ್ಟಿಕೊಂಡು ಸ್ಟ್ಯಾನ್ಲಿ ಪಾರ್ಕಿನ ಆಚೆ ಬದಿಯ ಗುಡಿಸನ್ ಪಾರ್ಕಿಗೆ ಹೋಯಿತು. ಮೈದಾನ ಖಾಲಿ ಬಿದ್ದಿತ್ತಲ್ಲ, ಹೋಲ್ಡಿಂಗ್ ಅದಕ್ಕೊಂದು ಹೊಸ ತಂಡ ಕಟ್ಟಿದರು. ಅದೇ ಲಿವರ್‌ಪೂಲ್ ಎಫ್‌ಸಿ. ಎರಡು ಮೈದಾನಗಳ ನಡುವೆ ಒಂದು ಮೈಲಿಯೂ ಇಲ್ಲ. ಮಿಲಾನ್‌ನಲ್ಲೂ ಹಾಗೇ. 1899ರಲ್ಲಿ ಹುಟ್ಟಿದ ಎಸಿ ಮಿಲಾನ್ ಕ್ಲಬ್ಬಿನೊಳಗೆ ಹೊರದೇಶದ ಆಟಗಾರರನ್ನು ಸೇರಿಸಿಕೊಳ್ಳುವ ಬಗ್ಗೆ ಒಡಕು ಬಂತು, 1908ರಲ್ಲಿ ಸಿಡಿದುಹೋದವರು ಇಂಟರ್ ಕಟ್ಟಿದರು. ಈಗಲೂ ಇಬ್ಬರಿಗೂ ಸ್ಯಾನ್ ಸಿರೋ ಒಂದೇ ಮೈದಾನ. ಮನೆ ಭಾಗವಾಗಿದೆ, ಅಂಗಳ ಮಾತ್ರ ಇನ್ನೂ ಒಟ್ಟಿಗಿದೆ.

ಪದ ಈಚೆಗೆ ಅಗಲವಾಗಿಬಿಟ್ಟಿದೆ. ಯುವೆಂಟಸ್ ಇರುವುದು ಟ್ಯೂರಿನ್‌ನಲ್ಲಿ, ಇಂಟರ್ ಮಿಲಾನ್‌ನಲ್ಲಿ. ಆದರೂ ಆ ಪಂದ್ಯಕ್ಕೆ ‘ಡರ್ಬಿ ದಿ ಇಟಾಲಿಯಾ’ ಅನ್ನುತ್ತಾರೆ. ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಡುವೆ 500 ಕಿಲೋಮೀಟರಿಗಿಂತ ಜಾಸ್ತಿ ದೂರ. ಅವರ ಪಂದ್ಯಕ್ಕೆ ಸ್ಪೇನಿನವರು ‘ಎಲ್ ಕ್ಲಾಸಿಕೊ’ ಅಂತ ಬೇರೆ ಹೆಸರಿಟ್ಟಿದ್ದಾರೆ. ಆದರೆ ಅಲ್ಲಿ ನಡೆಯುವುದೆಲ್ಲ ದಾಯಾದಿಗಳ ವ್ಯವಹಾರವೇ, ಆದ್ದರಿಂದ ಇಲ್ಲೂ ಅದನ್ನು ಸೇರಿಸಿಕೊಳ್ಳುತ್ತೇನೆ.

ಇನ್ನು ನಡತೆ. ಫುಟ್‌ಬಾಲ್ ನಿಯಮ ಪುಸ್ತಕದಲ್ಲಿ ಡರ್ಬಿ ಅನ್ನುವ ಪದವೇ ಇಲ್ಲ. ಪುಸ್ತಕಕ್ಕೆ ಎಲ್ಲ ಪಂದ್ಯವೂ ಒಂದೇ. 12ನೇ ನಿಯಮ ಹೇಳುವುದಿಷ್ಟು. ಗೋಲು ಹೊಡೆದವನು ಕುಣಿಯಬಹುದು, ಆದರೆ ಅತಿ ಮಾಡಬಾರದು. ಶರ್ಟ್ ಬಿಚ್ಚಿದರೆ ಹಳದಿ ಕಾರ್ಡ್, ಅಂದರೆ ಎಚ್ಚರಿಕೆ. ಬೇಲಿ ಹತ್ತಿ ಪ್ರೇಕ್ಷಕರ ಬಳಿ ಹೋಗಿ ಸುರಕ್ಷತೆಗೆ ತೊಂದರೆ ಮಾಡಿದರೆ ಹಳದಿ. ಕೆಣಕುವ, ಅಣಕಿಸುವ, ಕೆರಳಿಸುವ ಸನ್ನೆ ಮಾಡಿದರೂ ಹಳದಿ. ಗೋಲು ರದ್ದಾದರೂ ಈ ಕಾರ್ಡ್ ರದ್ದಾಗುವುದಿಲ್ಲ, ಅದೊಂದು ತಮಾಷೆ. ಹೊಡೆದರೆ, ಉಗಿದರೆ, ಕಚ್ಚಿದರೆ, ಹೊಲಸು ಬೈದರೆ ಅಥವಾ ಅವಮಾನದ ಸನ್ನೆ ಮಾಡಿದರೆ ಕೆಂಪು, ಅಂದರೆ ಮೈದಾನದಿಂದಲೇ ಹೊರಗೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ಕೊನೆಯ ಸೀಟಿ ಊದಿದ ಮೇಲೂ ರೆಫರಿ ಮೈದಾನ ಬಿಟ್ಟು ಹೋಗುವ ತನಕ ಕಾರ್ಡ್ ತೋರಿಸಬಹುದು.

ಈ ಕೊನೆಯ ಸಾಲಿನ ಬೆಲೆ ಏನು ಅಂತ ಗೊತ್ತಾಗಿದ್ದು 2025ರ ಫೆಬ್ರವರಿ 12ರ ರಾತ್ರಿ. ಗುಡಿಸನ್ ಪಾರ್ಕಿನಲ್ಲಿ ನಡೆದ ಕಟ್ಟಕಡೆಯ ಲೀಗ್ ಡರ್ಬಿ ಅದು. ಸೀಸನ್ ಮುಗಿದ ಮೇಲೆ ಎವರ್ಟನ್ ಹೊಸ ಸ್ಟೇಡಿಯಮ್ಮಿಗೆ ಹೋಗುವುದಿತ್ತು. ಲಿವರ್‌ಪೂಲ್ 2–1ರಿಂದ ಮುಂದಿತ್ತು. ಹೆಚ್ಚುವರಿ ಸಮಯದ ಎಂಟನೇ ನಿಮಿಷದಲ್ಲಿ ಎವರ್ಟನ್‌ನ ಜೇಮ್ಸ್ ಟಾರ್ಕೌಸ್ಕಿ ಚೆಂಡನ್ನು ನೇರ ಬಲೆಯ ಮೇಲ್ಭಾಗಕ್ಕೆ ಬಾರಿಸಿದ. 2–2. ಇಡೀ ಸ್ಟೇಡಿಯಂ ಹುಚ್ಚೆದ್ದು ಹೋಯಿತು. ಸೀಟಿಯೂ ಆಯಿತು. ಅಲ್ಲಿಗೆ ಮುಗಿಯಬೇಕಿತ್ತು. ಎವರ್ಟನ್‌ನ ಅಬ್ದುಲಾಯೆ ದುಕುರೆ ಸೀದಾ ಹೋಗಿದ್ದು ಲಿವರ್‌ಪೂಲ್ ಅಭಿಮಾನಿಗಳು ಕೂತಿದ್ದ ಮೂಲೆಗೆ. ಅವರ ಮುಂದೆ ನಿಂತು ಖುಷಿಪಟ್ಟ. ಲಿವರ್‌ಪೂಲ್‌ನ ಕರ್ಟಿಸ್ ಜೋನ್ಸ್ ಅದೇ ಊರಲ್ಲಿ ಹುಟ್ಟಿ ಬೆಳೆದ ಹುಡುಗ. ಅವನಿಗೆ ತಡೆಯಲಾಗಲಿಲ್ಲ, ಓಡಿಬಂದು ಮೇಲೆ ಬಿದ್ದ. ತಳ್ಳಾಟ, ನೂಕಾಟ, ನಡುವೆ ಪೊಲೀಸರು. ರೆಫರಿ ಮೈಕಲ್ ಆಲಿವರ್ ಇಬ್ಬರಿಗೂ ಎರಡನೇ ಹಳದಿ, ಅಂದರೆ ಕೆಂಪು, ತೋರಿಸಿದರು. ಲಿವರ್‌ಪೂಲ್ ಕೋಚ್ ಆರ್ನೆ ಸ್ಲಾಟ್‌ಗೂ ಅವರ ಸಹಾಯಕರಿಗೂ ಕೆಂಪು ಬಿತ್ತು.

ದುಕುರೆ ಯಾರನ್ನೂ ಮುಟ್ಟಲು ಹೋಗಿರಲಿಲ್ಲ. ತನ್ನ ಸಂತೋಷವನ್ನು ತಪ್ಪು ಜಾಗಕ್ಕೆ ತೆಗೆದುಕೊಂಡು ಹೋಗಿದ್ದ, ಅಷ್ಟೇ. ಬೇರೆ ಪಂದ್ಯದಲ್ಲಾಗಿದ್ದರೆ ಎದುರಾಳಿ ಆಟಗಾರ ತಲೆತಗ್ಗಿಸಿ ಬಟ್ಟೆ ಬದಲಿಸಲು ಹೋಗಿಬಿಡುತ್ತಿದ್ದ. ಇಲ್ಲಿ ಹೋಗಲಾಗುವುದಿಲ್ಲ, ಯಾಕೆಂದರೆ ಆ ಮೂಲೆಯಲ್ಲಿ ಕೂತವರು ಜೋನ್ಸ್‌ನ ಜನ. ನಾಳೆ ಬೆಳಿಗ್ಗೆ ಅವರಿಗೆ ಮುಖ ತೋರಿಸಬೇಕು.

ಸನ್ನೆಗಳ ವಿಷಯದಲ್ಲಿ ನನಗೆ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಆಸೆ. 2017ರ ಏಪ್ರಿಲ್ 23, ಮ್ಯಾಡ್ರಿಡ್‌ನ ಬರ್ನಾಬ್ಯೂ ಸ್ಟೇಡಿಯಂ. 92ನೇ ನಿಮಿಷದಲ್ಲಿ ಲಿಯೊನೆಲ್ ಮೆಸ್ಸಿ ಗೋಲು ಹೊಡೆದು ಬಾರ್ಸಿಲೋನಾವನ್ನು 3–2ರಿಂದ ಗೆಲ್ಲಿಸಿದ. ಕ್ಲಬ್ಬಿಗೆ ಅದು ಅವನ 500ನೇ ಗೋಲು. ಶರ್ಟ್ ಬಿಚ್ಚಿ, ಹೆಸರು ಮತ್ತು ನಂಬರು ಕಾಣುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮ್ಯಾಡ್ರಿಡ್ ಪ್ರೇಕ್ಷಕರ ಕಡೆ ತೋರಿಸುತ್ತ ಸುಮ್ನೆ ನಿಂತ. ಹಳದಿ ಕಾರ್ಡ್ ಬಂತು, ತೆಗೆದುಕೊಂಡ. ಅದೇ ವರ್ಷ ಆಗಸ್ಟ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಕ್ರಿಸ್ಟಿಯಾನೊ ರೊನಾಲ್ಡೊ ಬಾರ್ಸಿಲೋನಾದ ಮೈದಾನದಲ್ಲಿ ಗೋಲು ಹೊಡೆದು ಹಾಗೇ ಶರ್ಟ್ ಬಿಚ್ಚಿ ತೋರಿಸಿ ಬಡ್ಡಿ ಸಮೇತ ತೀರಿಸಿದ. ಅವನಿಗೂ ಹಳದಿ. ಸ್ವಲ್ಪ ಹೊತ್ತಿಗೆ ಪೆನಾಲ್ಟಿಗಾಗಿ ಬೇಕಂತಲೇ ಬಿದ್ದ ಅಂತ ಎರಡನೇ ಹಳದಿ, ಆಚೆಗೆ. ಸಿಟ್ಟಿನಲ್ಲಿ ರೆಫರಿಯ ಬೆನ್ನು ತಳ್ಳಿದ. ಒಟ್ಟು ಐದು ಪಂದ್ಯ ನಿಷೇಧ. ಒಂದೇ ಸನ್ನೆ, ಒಬ್ಬನಿಗೆ ಪಟವಾಗಿ ಉಳಿಯಿತು, ಇನ್ನೊಬ್ಬನಿಗೆ ದುಬಾರಿಯಾಯಿತು.

ಇನ್ನೊಂದು ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ಪಂದ್ಯದ್ದು. 1966ರಲ್ಲಿ ರಿವರ್ ತಂಡ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಕೋಪಾ ಲಿಬರ್ಟಡೋರೆಸ್ ಟೂರ್ನಿಯ ಫೈನಲ್ಲನ್ನು ಕೈಯಾರೆ ಬಿಟ್ಟುಕೊಟ್ಟಿತು. ಅವತ್ತಿನಿಂದ ಬೋಕಾದವರು ಅವರನ್ನು ‘ಕೋಳಿಗಳು’ ಅಂತ ಹಂಗಿಸುತ್ತಾರೆ. 2004ರಲ್ಲಿ ಅದೇ ಟೂರ್ನಿಯ ಸೆಮಿಫೈನಲ್ಲಿನಲ್ಲಿ ಬೋಕಾದ ಕಾರ್ಲೋಸ್ ಟೆವೆಝ್ ರಿವರ್ ಮೈದಾನದಲ್ಲೇ ಗೋಲು ಹೊಡೆದು, ಮೊಣಕೈ ಎರಡೂ ಬಡಿಯುತ್ತ ಕೋಳಿಯ ಹಾಗೆ ಮಾಡಿ ತೋರಿಸಿದ. ರೆಫರಿ ಕೊಟ್ಟದ್ದು ಸೀದಾ ಕೆಂಪು. ಬೇರೆ ದೇಶದವನಿಗೆ ಅದು ಮಕ್ಕಳಾಟ. ಆ ಸ್ಟೇಡಿಯಮ್ಮಿನಲ್ಲಿ ಅದು ಹಳೇ ಗಾಯಕ್ಕೆ ಎಳೆದ ಬರೆ. ಸನ್ನೆಯ ತೂಕ ಎಷ್ಟು ಅಂತ ಗೊತ್ತಾಗಬೇಕಾದರೆ ಆ ಮನೆಯ ಕಥೆ ಗೊತ್ತಿರಬೇಕು. ಟೆವೆಝ್‌ನ ಪುಣ್ಯ, ಪೆನಾಲ್ಟಿ ಶೂಟೌಟಿನಲ್ಲಿ ಬೋಕಾ ಗೆದ್ದಿತು.

ಡರ್ಬಿಯಲ್ಲಿ ಕಾರ್ಡ್ ಯಾವಾಗಲೂ ಶುರುಮಾಡಿದವನಿಗೆ ಬೀಳುವುದಿಲ್ಲ. ಮೆಲ್ಲಗೆ ಕಿವಿಯಲ್ಲಿ ಏನೋ ಅಂದವನು ಬಚಾವಾಗುತ್ತಾನೆ, ತಿರುಗಿ ಬಿದ್ದವನು ಸಿಕ್ಕಿಹಾಕಿಕೊಳ್ಳುತ್ತಾನೆ. ನ್ಯಾಯವಾ? ಅಲ್ಲ. ಆದರೆ ರೆಫರಿಗೆ ಕಾಣುವುದು ಕೈ, ಕೇಳುವುದು ಕಷ್ಟ. ಸೇಡು ವರ್ಷಗಟ್ಟಲೆ ಕಾಯುವುದೂ ಉಂಟು. 1997ರಲ್ಲಿ ಮಂಡಿ ಕಿತ್ತುಕೊಂಡು ಬಿದ್ದಿದ್ದ ರಾಯ್ ಕೀನ್‌ಗೆ ‘ನಾಟಕ ಆಡಬೇಡ’ ಅನ್ನುವ ಹಾಗೆ ಮೇಲೆ ನಿಂತು ಕೂಗಿದ್ದ ಆಲ್ಫಿ ಹಾಲೆಂಡ್. ಆಗ ಅವನು ಲೀಡ್ಸ್ ಆಟಗಾರ. 2001ರ ಮ್ಯಾಂಚೆಸ್ಟರ್ ಡರ್ಬಿಯಲ್ಲಿ ಇಬ್ಬರೂ ಎದುರಾದರು, ಕೀನ್ ಯುನೈಟೆಡ್ ಕಡೆ, ಹಾಲೆಂಡ್ ಸಿಟಿ ಕಡೆ. ಕೀನ್ ಸೀದಾ ಅವನ ಮಂಡಿಗೇ ಒದ್ದ. ಕೆಂಪು ಕಾರ್ಡ್, ಮೂರು ಪಂದ್ಯ ನಿಷೇಧ. ಮರುವರ್ಷ ಆತ್ಮಕಥೆಯಲ್ಲಿ ಅದು ಬೇಕಂತಲೇ ಮಾಡಿದ್ದು ಅನ್ನುವ ಅರ್ಥದಲ್ಲಿ ಬರೆದುಕೊಂಡ. ಅದಕ್ಕೆ ಇನ್ನೂ ಐದು ಪಂದ್ಯ ನಿಷೇಧ, 1,50,000 ಪೌಂಡ್ ದಂಡ. ಇದನ್ನು ಡರ್ಬಿಯ ಕಾವು ಅಂತ ಮಾಫಿ ಮಾಡುವವರನ್ನು ನಾನು ಒಪ್ಪುವುದಿಲ್ಲ. ಕಾವು ಅಂದರೆ ಆ ಕ್ಷಣದ್ದು. ನಾಲ್ಕು ವರ್ಷ ಇಟ್ಟುಕೊಂಡದ್ದು ಬೇರೆ ಏನೋ.

ಮತ್ತೆ ಪ್ರೇಕ್ಷಕರು. ಕೆರಳಿಸುವ ಸನ್ನೆಗೆ ನಿಯಮ ಯಾಕೆ ಅಷ್ಟು ಬಿಗಿ ಅಂತ ಕೇಳುವವರಿಗೆ 1980ರ ಆಗಸ್ಟ್ 16ರ ಕೋಲ್ಕತ್ತವನ್ನು ನೆನಪಿಸಬೇಕು. ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್. ಮೈದಾನದಲ್ಲಿ ಒರಟು ಫೌಲ್, ಇಬ್ಬರು ಆಟಗಾರರು ಹೊರಗೆ. ಅದರ ಕಿಡಿ ಗ್ಯಾಲರಿಗೆ ಹತ್ತಿತು. ಎರಡೂ ಕಡೆಯ ಅಭಿಮಾನಿಗಳು ಒಟ್ಟಿಗೆ ಕೂತಿದ್ದ ಜಾಗದಲ್ಲಿ ಹೊಡೆದಾಟ, ಆಮೇಲೆ ನೂಕುನುಗ್ಗಲು. 16 ಜನ ಸತ್ತರು. ಆಟ ನೋಡಲು ಬಂದವರು. ಈಗ ಪ್ರತಿವರ್ಷ ಆ ದಿನ ಅವರ ನೆನಪಿಗೆ ಅಲ್ಲಿ ರಕ್ತದಾನ ಮಾಡುತ್ತಾರೆ.

ಹಾಗಂತ ಡರ್ಬಿಯೆಂದರೆ ಬರೀ ರೋಷ ಅಂದುಕೊಳ್ಳಬೇಡಿ. 2005ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗಿನ ಮಿಲಾನ್ ಡರ್ಬಿ. ಇಂಟರ್ ಅಭಿಮಾನಿಗಳ ಕಡೆಯಿಂದ ಉರಿಯುವ ಫ್ಲೇರ್‌ಗಳು ಬೀಳತೊಡಗಿದವು, ಒಂದು ಮಿಲಾನ್ ಗೋಲ್‌ಕೀಪರ್ ದಿದಾನ ಭುಜಕ್ಕೆ ತಾಗಿತು. ಆಟ ನಿಂತಿತು. ಹೊಗೆ, ಕೆಂಪು ಬೆಳಕು. ಅದರ ಎದುರು ಇಂಟರ್‌ನ ಮಾರ್ಕೊ ಮೆಟೆರಾಝಿ ಮಿಲಾನ್‌ನ ರುಯಿ ಕೋಸ್ಟಾನ ಭುಜದ ಮೇಲೆ ಮೊಣಕೈ ಊರಿಕೊಂಡು, ಇಬ್ಬರೂ ಅದನ್ನೇ ನೋಡುತ್ತ ನಿಂತ ಫೋಟೋ ಇದೆ. ಜಗಲಿ ಮೇಲೆ ನಿಂತು ಮಳೆ ನೋಡುವ ಅಣ್ಣತಮ್ಮಂದಿರ ಹಾಗಿದೆ. (ಮರುವರ್ಷ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸಿನ ಝಿದಾನ್ ತಲೆಯಿಂದ ಗುದ್ದಿದ್ದು ಇದೇ ಮೆಟೆರಾಝಿಯ ಎದೆಗೆ. ಬಾಯಿಬಿಟ್ಟವನು ಉಳಿದ, ಗುದ್ದಿದವನು ಹೊರಗೆ ಹೋದ.)

ಕೊನೆಗೆ ಡೆನಿಸ್ ಲಾ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 11 ವರ್ಷ ಆಡಿ 237 ಗೋಲು ಹೊಡೆದವನು. 1973ರಲ್ಲಿ ಅದೇ ಊರಿನ ಸಿಟಿ ತಂಡಕ್ಕೆ ಹೋದ. 1974ರ ಏಪ್ರಿಲ್ 27ರಂದು ಯುನೈಟೆಡ್‌ನ ಮೈದಾನದಲ್ಲೇ ಡರ್ಬಿ. ಯುನೈಟೆಡ್ ಆ ವರ್ಷ ಕೆಳಗಿನ ವಿಭಾಗಕ್ಕೆ ಜಾರುವ ಸ್ಥಿತಿಯಲ್ಲಿತ್ತು. 81ನೇ ನಿಮಿಷದಲ್ಲಿ ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಲಾ ಬಳಿ ಚೆಂಡು ಬಂತು. ಹಿಮ್ಮಡಿಯಿಂದ ತಟ್ಟಿದ, ಒಳಗೆ ಹೋಯಿತು. ಪಂದ್ಯದ ಒಂದೇ ಗೋಲು. ಬೇರೆ ಕಡೆಯ ಫಲಿತಾಂಶಗಳಿಂದ ಯುನೈಟೆಡ್ ಹೇಗಿದ್ದರೂ ಜಾರುವುದಿತ್ತು, ಆದರೆ ಆ ಹೊತ್ತಿಗೆ ಅದು ಅವನಿಗೆ ಗೊತ್ತಿರಲಿಲ್ಲ. ಸಿಟಿಯ ಹುಡುಗರು ಬಂದು ತಬ್ಬಿಕೊಂಡರು, ಬೆನ್ನು ತಟ್ಟಿದರು. ಅವನು ಕೈ ಎತ್ತಲಿಲ್ಲ, ನಗಲಿಲ್ಲ. ತಲೆ ಬಗ್ಗಿಸಿ ನಡೆದ. ಸ್ವಲ್ಪ ಹೊತ್ತಿಗೆ ಅವನ ಬದಲು ಇನ್ನೊಬ್ಬನನ್ನು ಇಳಿಸಿದರು. ಇಂಗ್ಲೆಂಡಿನ ಲೀಗಿನಲ್ಲಿ ಅವನು ಚೆಂಡು ಮುಟ್ಟಿದ್ದು ಅದೇ ಕೊನೆ.