ನಿನ್ನೆ ತಯಾರಿಸಿಟ್ಟ ಕಿಮೋ ಇವತ್ತು ಹಾಕಬಹುದಾ?

ಪ್ರಶ್ನೆ: ಬುಧವಾರ ಅಮ್ಮನಿಗೆ ಕಿಮೋ ಇತ್ತು. ಮುಂಬೈ ಮಳೆಗೆ ಲೋಕಲ್ ರೈಲು ನಿಂತು, ಡೊಂಬಿವಲಿಯಿಂದ ಹೊರಡಲೇ ಆಗಲಿಲ್ಲ. ಮರುದಿನ ಹೋದಾಗ ಹಿಂದಿನ ದಿನವೇ ಬೆರೆಸಿ ಫ್ರಿಜ್‌ನಲ್ಲಿಟ್ಟಿದ್ದ ಔಷಧ ಹಾಕಿದರು. ಕೆಟ್ಟಿರಲ್ವಾ?

ನಿಮ್ಮ ಭಯ ಸಹಜ. ಲೇಬಲ್ ಮೇಲಿನ ಗಡುವು ಮೀರಿರದಿದ್ದರೆ ಹಾಕಬಹುದು. ಆದರೆ ಆ ಗಡುವು ಎಲ್ಲಿಂದ ಬಂತು ಅನ್ನೋದು ಮುಖ್ಯ.

ಬೆರೆಸಿದ ಕಿಮೋ ಎರಡು ರೀತಿ ಕೆಡಬಹುದು. ಒಂದು, ಔಷಧವೇ ಸತ್ವ ಕಳೆದುಕೊಳ್ಳುವುದು. ಅಜಾಸಿಟಿಡಿನ್ ಅನ್ನುವ ಕಿಮೋ ಔಷಧ ಇಂಥದ್ದು. ಫ್ರಿಜ್‌ನ ತಣ್ಣೀರಿನಲ್ಲಿ ಕಲಸಿ ಫ್ರಿಜ್‌ನಲ್ಲೇ ಇಟ್ಟರೂ 22 ಗಂಟೆ ಮಾತ್ರ. ಬೇರೆ ಕೆಲವು ಔಷಧಗಳು ದಿನಗಟ್ಟಲೆ ಚೆನ್ನಾಗಿರುತ್ತವೆ.

ಇನ್ನೊಂದು, ಬೆರೆಸುವಾಗ ಸೂಕ್ಷ್ಮಜೀವಿ ಒಳಗೆ ಸೇರುವುದು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಬೇಡ ಅಂತ ಅಜ್ಜಿ ಬೈಯ್ಯುತ್ತಿದ್ದರಲ್ಲ, ಅದೇ ವಿಷಯ. ಉಪ್ಪಿನಕಾಯಿಗಾದರೂ ಉಪ್ಪಿನ ಕಾವಲಿದೆ. ಕಿಮೋ ಬೆರೆಸುವ ಸಲೈನ್‌ನಲ್ಲಿರುವುದು ಬರೀ 0.9 ಶೇಕಡ ಉಪ್ಪು. ಕಿಮೋ ಅಷ್ಟು ಕಟುವಾದದ್ದು, ಜೀವಿಗಳು ಸಾಯಲ್ವಾ ಅಂತ ಹಲವರು ಕೇಳುತ್ತಾರೆ. ಅದನ್ನು ನಂಬಿ ಕೂರುವ ಹಾಗಿಲ್ಲ. ಫ್ರಿಜ್ ಕೂಡ ಅವನ್ನು ಕೊಲ್ಲುವುದಿಲ್ಲ, ಬೆಳವಣಿಗೆ ನಿಧಾನ ಮಾಡುತ್ತದೆ ಅಷ್ಟೇ. ಬಿಳಿ ರಕ್ತಕಣ ಕುಸಿದಿರುವ ಅಮ್ಮನಂಥವರಿಗೆ ಸ್ವಲ್ಪ ಸೋಂಕೂ ಪ್ರಾಣಕ್ಕೆ ಬರಬಹುದು.

ಹಾಗಾಗಿಯೇ ಎಷ್ಟೋ ಕಂಪನಿಗಳ ಚೀಟಿಯಲ್ಲಿ 2ರಿಂದ 8 ಡಿಗ್ರಿಯಲ್ಲಿ 24 ಗಂಟೆ ಅಂತ ಬರೆದಿರುತ್ತದೆ. ಪರೀಕ್ಷಿಸಿ ಖಚಿತಪಡಿಸಿದ ಶುದ್ಧ ಜಾಗದಲ್ಲಿ ಬೆರೆಸಿದ್ದರೆ ಈ ಮಿತಿ ಹಿಗ್ಗಬಹುದು. ಇಂಥ ಔಷಧ ಬೆರೆಸುವುದಕ್ಕೆಂದೇ ಇರುವ ಅಮೆರಿಕದ ಯುಎಸ್‌ಪಿ 797 ನಿಯಮದಲ್ಲಿ, ಪೂರ್ತಿ ಸಜ್ಜಾದ ಕ್ಲೀನ್ ರೂಮ್‌ನಲ್ಲಿ ಸ್ಟೆರೈಲ್ (ಸೂಕ್ಷ್ಮಜೀವಿಯಿಲ್ಲದ) ಸಾಮಾನುಗಳಿಂದಲೇ ಮಾಡಿದ್ದಕ್ಕೆ ಫ್ರಿಜ್‌ನಲ್ಲಿ 10 ದಿನದವರೆಗೆ ಅವಕಾಶವಿದೆ. ಅಷ್ಟು ಸೌಕರ್ಯವಿಲ್ಲದ ಕಡೆ 24 ಗಂಟೆಯೇ. ಔಷಧದ ಸ್ವಂತ ಗಡುವು ಅದಕ್ಕಿಂತ ಕಡಿಮೆಯಿದ್ದರೆ ಅದೇ ಕೊನೆ.

ಖಚಿತಪಡಿಸುವುದು ಹೇಗೆ? ಮೀಡಿಯಾ ಫಿಲ್ ಅನ್ನುವ ಪರೀಕ್ಷೆಯಿದೆ. ಔಷಧದ ಬದಲು, ಸೂಕ್ಷ್ಮಜೀವಿಗಳಿಗೆ ಹಬ್ಬದೂಟವಾದ ಒಂದು ಪೋಷಕ ಸಾರು ತಗೊಳ್ಳುತ್ತಾರೆ. ದಿನಾ ಕಿಮೋ ಬೆರೆಸುವವರೇ, ಕಿಮೋ ಬೆರೆಸುವ ಅದೇ ಶುದ್ಧ ಗಾಳಿಯ ಕ್ಯಾಬಿನೆಟ್‌ನಲ್ಲಿ, ಅದೇ ಥರದ ಸಿರಿಂಜ್ ಹಿಡಿದು ಬೆರೆಸುತ್ತಾರೆ. ಕೈ ಸೋತಿರುವ ದಿನದ ಕೊನೆಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು, ತಪ್ಪಾಗುವುದು ಆಗಲೇ ತಾನೆ. ಆಮೇಲೆ 14 ದಿನ ಬೆಚ್ಚಗಿಡುತ್ತಾರೆ. ತಿಳಿಯಾಗಿಯೇ ಉಳಿದರೆ ಸರಿ. ಕದಡಿದರೆ ಏನೋ ಒಳಗೆ ಹೋಗಿದೆ ಅಂತ. ಗ್ಲೌಸ್ ಹಾಕಿದ ಬೆರಳ ತುದಿಯನ್ನೂ ಸೂಕ್ಷ್ಮಜೀವಿ ಬೆಳೆಸುವ ಅಗರ್ ತಟ್ಟೆಗೆ ಒತ್ತಿ ನೋಡುತ್ತಾರೆ.

ಗಡುವು ಹಿಗ್ಗಿದರೆ ಲಾಭ ಜಾಸ್ತಿ. ಮುಂಬೈ ಮಳೆಗೆ ಒಬ್ಬರು ಬರದಿದ್ದರೆ ಸಾವಿರಾರು ರೂಪಾಯಿಯ ಔಷಧ ಚೆಲ್ಲಬೇಕಾಗಿಲ್ಲ. ಆದರೆ ಪರೀಕ್ಷೆ ಮಾಡದೆ ಸುಮ್ನೆ ಅಂದಾಜಿನಲ್ಲಿ ಹಿಗ್ಗಿಸಿದ್ದರೆ, ಎಷ್ಟೇ ಹೊಟ್ಟೆ ಉರಿದರೂ ಚೆಲ್ಲಲೇಬೇಕು ಅನ್ನುತ್ತೇನೆ.

ಮುಂದಿನ ಸಲ ಲೇಬಲ್ ನೋಡಿ. ಬೆರೆಸಿದ ದಿನ, ಗಂಟೆ, ಯಾವಾಗಿನೊಳಗೆ ಬಳಸಬೇಕು, ಎಷ್ಟು ತಂಪಿನಲ್ಲಿಡಬೇಕು, ಇಷ್ಟೂ ಇರಬೇಕು. ಇಲ್ಲದಿದ್ದರೆ ಹಾಕುವ ಮೊದಲೇ ಸಿಸ್ಟರ್ ಹತ್ತಿರ ಅಥವಾ ಫಾರ್ಮಸಿಯಲ್ಲಿ ಕೇಳಿ. ಸಂಕೋಚ ಬೇಡ.